ಖಾಲಿ ಅಂಕಣದ ಔಟು

ಇಪ್ಪತ್ತೇಳು ವರ್ಷ ಒಂದೇ ಸುಳ್ಳನ್ನು ಒಂದಕ್ಷರ ಬದಲಿಸದೆ ಹೇಳಿಕೊಂಡು ಬಂದವನನ್ನು ಸುಳ್ಳುಗಾರ ಎಂದು ಕರೆಯುವುದು ಅನ್ಯಾಯ. ಅಂಥವನನ್ನು ನಿಷ್ಠಾವಂತ ಎನ್ನಬೇಕು. ನಮ್ಮ ಸರ್ವೋತ್ತಮ ಅಂಥ ನಿಷ್ಠಾವಂತ. ದುಬೈಯ ಅಲ್ ಮುರಕ್ಕಬಾತಿನಲ್ಲಿ ಎರಡು ಕೋಣೆಯ ಮನೆ, ಜೆಬೆಲ್ ಅಲಿಯಲ್ಲಿ ಹಡಗಿನ ಸರಕಿನ ಕಾಗದಪತ್ರ ನೋಡುವ ಕೆಲಸ, ಹೆಂಡತಿ ಸ್ವರ್ಣಲತಾ, ಕಾಲೇಜಿಗೆ ಹೋಗುವ ಮಗಳು ದೀಕ್ಷಿತಾ, ಮೈಮೇಲೆ ತೊಂಬತ್ತೆರಡು ಕಿಲೋ. ಇಷ್ಟರ ಜೊತೆಗೆ ಆ ಸುಳ್ಳು.

ಸುಳ್ಳು ಹುಟ್ಟಿದ್ದು ೧೯೮೭ರ ಅಂತರ್ ಕಾಲೇಜು ಕಬಡ್ಡಿ ಫೈನಲಿನಲ್ಲಿ. ಹೊಳೆಯ ಈಚೆ ದಡದಲ್ಲಿ ಪಡುಗುಡ್ಡೆ ಕಾಲೇಜು, ಆಚೆ ದಡದಲ್ಲಿ ಸಂಕದಬೈಲು ಕಾಲೇಜು. ಎರಡರ ನಡುವೆ ಎಷ್ಟು ಪ್ರೀತಿ ಎಂದರೆ, ಒಬ್ಬರ ಕಾಲೇಜಿನ ಹುಡುಗನಿಗೆ ಇನ್ನೊಂದು ದಡದ ಕ್ಷೌರಿಕ ತಲೆಗೂದಲು ಕತ್ತರಿಸುತ್ತಿರಲಿಲ್ಲ. ಅಂಕ ಸಮಸಮ, ಆಟದ ಕೊನೆಯ ರೈಡು. ಪಡುಗುಡ್ಡೆಯ ಖಾಯಂ ರೈಡರನ ಮಂಡಿ ತಿರುಚಿತ್ತು. ಅಲ್ಲಿಯವರೆಗೆ ನೀರಿನ ಕೊಡ ಕಾಯುತ್ತಿದ್ದ ಸರ್ವೋತ್ತಮನನ್ನು ಯಾರೋ ಅಂಕಣಕ್ಕೆ ತಳ್ಳಿದರು. ಅವನು ಹೋದ, ಗಾಳಿಗೆ ಮೂರು ಸಲ ಕೈ ಬೀಸಿದ, ಉಸಿರು ಮುಗಿಯುವ ಮೊದಲು ತಿರುಗಿ ಓಡಿಬಂದ. ಯಾರನ್ನೂ ಮುಟ್ಟಿರಲಿಲ್ಲ. ಹತ್ತಿರವಿದ್ದವನಿಗೂ ಅವನ ಬೆರಳಿಗೂ ನಡುವೆ ಎರಡು ಮೊಳ ಅಂತರವಿತ್ತು. ಆದರೆ ನಡುಗೆರೆ ದಾಟಿ ಹಿಂತಿರುಗಿ ನೋಡಿದರೆ ಅಂಪೈರು ಬೆರಳೆತ್ತಿದ್ದರು. ಸಂಕದಬೈಲಿನ ಮೂಲೆಯ ಆಟಗಾರ ಮುಹಿಯುದ್ದೀನ್ ಔಟಾಗಿ ಗೆರೆಯಾಚೆ ಕುಳಿತಿದ್ದ. ಪಡುಗುಡ್ಡೆ ಗೆದ್ದಿತ್ತು. ಹೆಗಲ ಮೇಲೆ ಹೊತ್ತವರು “ಎಲ್ಲಿ ಮುಟ್ಟಿದ್ದು ಮಾರಾಯಾ?” ಎಂದು ಕೇಳಿದಾಗ ಸರ್ವೋತ್ತಮ ಮೇಲಿನಿಂದ “ಎಡಭುಜಕ್ಕೆ” ಎಂದ. ಅಷ್ಟು ಎತ್ತರದಲ್ಲಿ ಕೂತವನು ಬೇರೇನು ಹೇಳಿಯಾನು?

ಕಾಲಕ್ರಮದಲ್ಲಿ ಎರಡೂ ದಡದವರು ಗಲ್ಫಿಗೆ ಬಂದರು. ಮುಹಿಯುದ್ದೀನ್ ಮೊದಲು ದೇರಾದಲ್ಲಿ, ಆಮೇಲೆ ಅಬುಧಾಬಿಯ ಮುಸಫ್ಫಾದಲ್ಲಿ ಗಾಡಿಯ ಬಿಡಿಭಾಗಗಳ ಅಂಗಡಿ ಹಾಕಿದ. ಹಳೆ ವಿದ್ಯಾರ್ಥಿಗಳು ಸೇರಿ ೨೦೦೩ರಲ್ಲಿ ಹತ್ತು ಕಾಲೇಜುಗಳ ಕಬಡ್ಡಿ ಲೀಗ್ ಕಟ್ಟಿದರು. ಅದರಲ್ಲಿ ಪಡುಗುಡ್ಡೆಗೂ ಸಂಕದಬೈಲಿಗೂ ಪ್ರತಿ ಡಿಸೆಂಬರಿನ ಮೊದಲ ಶುಕ್ರವಾರ, ಗೆದ್ದವರು ಒಂದು ವರ್ಷ ಇಟ್ಟುಕೊಳ್ಳುವ ಫಲಕದ ಪಂದ್ಯ. ಪಂದ್ಯಕ್ಕೆ ಮುನ್ನ ಎರಡೂ ಕಡೆಯ ಹಿರಿಯರು ಕೈಕುಲುಕುವ ಪದ್ಧತಿ. ಹನ್ನೊಂದು ವರ್ಷವೂ ಮುಹಿಯುದ್ದೀನ್ ಸರ್ವೋತ್ತಮನ ಕೈ ಹಿಡಿದು, ಬಾಯಿ ಕಿವಿಯ ಹತ್ತಿರ ತಂದು, ಒಂದೇ ಪ್ರಶ್ನೆ ಕೇಳಿದ.

“ನಿಜ ಹೇಳು ಸರ್ವೋತ್ತಮಾ. ಆವತ್ತು ನೀನು ನನ್ನನ್ನು ಮುಟ್ಟಿದ್ದಾ?”

“ಮುಟ್ಟಿದ್ದೆ ಮಾರಾಯಾ.”

ಮುಹಿಯುದ್ದೀನ್ ಕಣ್ಣಲ್ಲಿ ಕಣ್ಣಿಟ್ಟು ನೋಡಿ ಕೈ ಬಿಡುತ್ತಿದ್ದ. ನವೆಂಬರ್ ಹುಟ್ಟಿತೆಂದರೆ ಸರ್ವೋತ್ತಮ ಕನ್ನಡಿಯ ಮುಂದೆ ನಿಂತು ಆ ಉತ್ತರವನ್ನು ಅಭ್ಯಾಸ ಮಾಡತೊಡಗುತ್ತಿದ್ದ. ಆ ಒಂದು ಪ್ರಶ್ನೆ ತಪ್ಪಿದರೆ ಸಾಕು, ಉಳಿದ ಆಯುಷ್ಯದಲ್ಲಿ ಅವನಿಗೆ ಬೇರೇನೂ ಬೇಕಿರಲಿಲ್ಲ.

೨೦೧೪ರ ಸೆಪ್ಟೆಂಬರಿನಲ್ಲಿ ಅವನ ಬಯಕೆ ತಾನಾಗಿ ನೆರವೇರುವಂತೆ ಕಂಡಿತು. ಲೀಗಿಗೆ ಹೊಸ ಅಧ್ಯಕ್ಷರಾಗಿ ಶ್ರೀನಿವಾಸಮೂರ್ತಿ ಬಂದರು. ಮೈಸೂರಿನವರು. ಕಬಡ್ಡಿಯನ್ನು ಹತ್ತಿರದಿಂದ ನೋಡಿದವರಲ್ಲ. ಆದರೆ ಎರಡು ಕಂಪನಿಗಳನ್ನು ಮರುವಿಂಗಡಿಸಿ ಅವುಗಳಲ್ಲಿದ್ದವರನ್ನೆಲ್ಲ ಊರಿಗೆ ಕಳಿಸಿದ ಅನುಭವವಿತ್ತು. ಮುರಕ್ಕಬಾತಿನ ಹೋಟೆಲೊಂದರ ಮಹಡಿಯಲ್ಲಿ ಸಭೆ. ಲ್ಯಾಪ್‌ಟಾಪಿನಿಂದ ಗೋಡೆಯ ಮೇಲೆ ಬಣ್ಣಬಣ್ಣದ ಚಿತ್ರ ಬಿಟ್ಟು ಅವರು ಹೇಳಿದರು:

“ನೋಡಿ, ಇನ್ಮೇಲೆ ಎರಡು ವಿಭಾಗ. ದುಬೈ ವಿಭಾಗ, ಅಬುಧಾಬಿ ವಿಭಾಗ. ಸಂಕದಬೈಲು ಅಬುಧಾಬಿಗೆ ಹೋಗುತ್ತೆ. ಅಲ್ಲಿ ಅವರಿಗೆ ಪ್ರಾಯೋಜಕರು ಸಿಕ್ಕಿದ್ದಾರೆ. ಪಡುಗುಡ್ಡೆ ದುಬೈನಲ್ಲೇ ಇರುತ್ತೆ. ಇಬ್ಬರೂ ಎದುರಾಗೋ ಪ್ರಮೇಯವೇ ಬರಲ್ಲ.”

ಪಡುಗುಡ್ಡೆಯ ನಾಯಕ ಸೇಸಪ್ಪ ಎದ್ದು ನಿಂತ. “ಹಾಗಾದ್ರೆ ನಾವು ಸೋಲಿಸುದು ಯಾರನ್ನು ಸಾರ್?”

“ನಿಮ್ಮ ವಿಭಾಗದಲ್ಲಿ ಒಳ್ಳೆಯ ಪಶುವೈದ್ಯಕೀಯ ಕಾಲೇಜು ಇದೆಯಲ್ಲ.”

“ಅವರ ಮೇಲೆ ನಮಗೆ ಸಿಟ್ಟೇ ಇಲ್ಲ!”

“ಬೆಳೆಸಿಕೊಳ್ಳಬೇಕು ಸೇಸಪ್ಪನವರೇ. ಅದಕ್ಕೆ ಮೂರು ವರ್ಷದ ಯೋಜನೆ ಹಾಕಿದ್ದೀನಿ.”

ಎಲ್ಲರೂ ಎಲ್ಲರ ಮೇಲೂ ಕೂಗಾಡಿದರು. ಒಳಗೊಳಗೇ ಹಿಗ್ಗಿದವನು ಸರ್ವೋತ್ತಮ ಒಬ್ಬನೇ. ಆದರೆ ಹಿಗ್ಗಿದವನು ಸುಮ್ಮನಿರಬೇಕಲ್ಲ! ಮುಂದಿನ ವರ್ಷ ಇನ್ಯಾವನೋ ಅಧ್ಯಕ್ಷ ಬಂದು ಮತ್ತೆ ಕೂಡಿಸಿದರೆ? ಅದಕ್ಕೆ ಶಾಶ್ವತ ಬೀಗ ಹಾಕಬೇಕೆಂದು ಅವನು ಫಲಕದ ಹಳೆಯ ನಿಯಮಪುಸ್ತಕ ತೆರೆದ. ಹದಿನಾಲ್ಕನೆಯ ನಿಯಮ ಊರಿನ ಗದ್ದೆಯ ಆಟದಿಂದ ಬಂದದ್ದು. ಗೊತ್ತುಮಾಡಿದ ದಿನ ಎದುರಾಳಿ ಬಾರದಿದ್ದರೆ, ಬಂದ ತಂಡದ ಒಬ್ಬ ರೈಡರು ಖಾಲಿ ಅಂಕಣಕ್ಕೆ ಹೋಗಿ, ಕೊನೆಯ ಗೆರೆ ಮುಟ್ಟಿ, ಒಂದೇ ಉಸಿರಲ್ಲಿ ಹಿಂತಿರುಗಬೇಕು. ಆಗ ಫಲಕ ಅವರಿಗೆ ಖಾಯಂ. ಇಬ್ಬರ ನಡುವೆ ಮತ್ತೆ ಪಂದ್ಯವಿಲ್ಲ, ಕೈಕುಲುಕುವುದಿಲ್ಲ, ಪ್ರಶ್ನೆಯಿಲ್ಲ.

“ಡಿಸೆಂಬರಿನ ಮೊದಲ ಶುಕ್ರವಾರ ಖಾಲಿ ಅಂಕಣಕ್ಕೆ ನಾನೇ ರೈಡ್ ಹೋಗ್ತೇನೆ!” ಎಂದು ಸರ್ವೋತ್ತಮ ಘೋಷಿಸಿದ. ಘೋಷಿಸುವಾಗ ತನ್ನ ತೂಕ ಅವನಿಗೆ ನೆನಪಾಗಲಿಲ್ಲ.

ಇದನ್ನು ಜನ ಪೂರ್ತಿ ಉಲ್ಟಾ ತಿಳಿದರು. ಎದುರಾಳಿ ಇಲ್ಲದ ಅಂಕಣದಲ್ಲಿ ಒಂಟಿಯಾಗಿ ಆಡಿ ಈ ಮನುಷ್ಯ ಪುನರ್ವಿಂಗಡಣೆಯನ್ನು ಪ್ರತಿಭಟಿಸುತ್ತಿದ್ದಾನೆ ಎಂದುಕೊಂಡರು. ಸೇಸಪ್ಪ ಕಣ್ಣೊರೆಸಿಕೊಂಡ. “ವೈರಿಯ ಮೇಲೆ ಇಷ್ಟು ಪ್ರೀತಿ ಇಟ್ಟವರು ನಮ್ಮ ಕಾಲದಲ್ಲಿ ಇಲ್ಲ” ಎಂದ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಸರ್ವೋತ್ತಮ ಅದನ್ನೂ ಸ್ವೀಕರಿಸಿದ. ಚಪ್ಪಾಳೆಯನ್ನು ವಾಪಸು ಮಾಡುವ ಅಭ್ಯಾಸ ಅವನಿಗೆ ಮೊದಲಿನಿಂದಲೂ ಇರಲಿಲ್ಲ.

ಡಿಸೆಂಬರಿನ ಮೊದಲ ಶುಕ್ರವಾರ ಬೆಳಿಗ್ಗೆ ಏಳಕ್ಕೆ, ಬಾಡಿಗೆಗೆ ಹಿಡಿದ ಶಾಲಾ ಮೈದಾನ. ಅದೇ ಹೊತ್ತಿಗೆ ನೂರೈವತ್ತು ಕಿಲೋಮೀಟರ್ ದೂರದ ಅಬುಧಾಬಿಯಲ್ಲಿ ಸಂಕದಬೈಲಿಗೆ ತನ್ನ ಹೊಸ ವಿಭಾಗದ ಪಂದ್ಯ. ದುಬೈಯಲ್ಲಿ ಆ ದಿನ ಎಂಥ ಮಂಜು ಇಳಿದಿತ್ತೆಂದರೆ ವಿಮಾನಗಳು ಇಳಿಯಲಾಗದೆ ಮೇಲೆ ಸುತ್ತುತ್ತಿದ್ದವು. ಬೀದಿದೀಪಗಳು ಇನ್ನೂ ಉರಿಯುತ್ತಿದ್ದವು, ಆದರೆ ಕಂಬ ಕಾಣುತ್ತಿರಲಿಲ್ಲ. ನಡುಗೆರೆಯಲ್ಲಿ ನಿಂತರೆ ಎದುರಿನ ಅಂಕಣದ ಮೊದಲ ನಾಲ್ಕು ಅಡಿ ಮರಳು ಮಾತ್ರ ಕಾಣುತ್ತಿತ್ತು. ಅದರಾಚೆ ಬಿಳಿ.

ಅಂಪೈರ್ ಆನ್ಸೆಲ್ಮ್ ಗಡಿಯಾರ ನೋಡಿಕೊಂಡು ಕಾದರು. ಮೂವತ್ತು ವರ್ಷ ವಿಸಿಲ್ ಊದಿದ ಮನುಷ್ಯ, ನಿಯಮಪುಸ್ತಕವನ್ನು ಪ್ರಾರ್ಥನಾ ಪುಸ್ತಕದ ಜೊತೆಗೇ ಇಟ್ಟುಕೊಳ್ಳುವವರು. ಎದುರು ತಂಡವನ್ನು ಮೂರು ಸಲ ಹೆಸರು ಹಿಡಿದು ಕರೆಯಬೇಕೆಂಬುದು ನಿಯಮ. “ಸಂಕದಬೈಲು!” ಎಂದು ಮಂಜಿಗೆ ಕೂಗಿದರು. ಉತ್ತರವಿಲ್ಲ. “ಸಂಕದಬೈಲು!” ಉತ್ತರವಿಲ್ಲ. ಮೂರನೆಯ ಸಲ ಕೂಗಿದಾಗ ಆಚೆ ಕೊನೆಯಲ್ಲಿ ಯಾರೋ ತೊಡೆ ತಟ್ಟಿದ ಸದ್ದು ಕೇಳಿತು ಎಂದು ಸೇಸಪ್ಪ ಆಮೇಲೆ ಆಣೆ ಮಾಡಿ ಹೇಳಿದ. ಆಗ ಮಾತ್ರ ಅವನು ಪಕ್ಕದವನ ತೋಳು ಹಿಡಿದುಕೊಂಡ, ಅಷ್ಟೇ.

ವಿಸಿಲ್ ಆಯಿತು. ಸರ್ವೋತ್ತಮ ಚಡ್ಡಿ ಮೇಲೆಳೆದುಕೊಂಡು, ನಡುಗೆರೆ ಮುಟ್ಟಿ ನಮಸ್ಕರಿಸಿ, “ಕಬಡ್ಡಿ ಕಬಡ್ಡಿ” ಎನ್ನುತ್ತ ಮಂಜಿನೊಳಗೆ ಹೋದ. ನಾಲ್ಕು ಹೆಜ್ಜೆಗೆ ಅವನ ತಂಡಕ್ಕೆ ಅವನು ಕಾಣದಾದ. ಐದನೆಯ ಹೆಜ್ಜೆಗೆ ಅವನಿಗೆ ಅವನೇ ಕಾಣದಾದ. ಕಾಲಿನಿಂದ ತಡಕಾಡಿ ಕೊನೆಯ ಗೆರೆಯ ಹಗ್ಗವನ್ನು ಮುಟ್ಟಿದ. ಸಂತೋಷ ಒಂದು ಕ್ಷಣ ಇತ್ತು. ತಿರುಗುವಾಗ ಅವನಿಗೆ ಮರಳಿನ ಸದ್ದು ಕೇಳಿತು. ಬರಿಗಾಲುಗಳು, ಒಂದು ಜೊತೆಯಲ್ಲ, ಆರೋ ಏಳೋ ಜೊತೆ. ಅವಸರವಿಲ್ಲದೆ, ಕೈಕೈ ಹಿಡಿದು ಸುತ್ತುಗಟ್ಟುವವರು ಬರುವ ಹಾಗೆ, ಎರಡೂ ಪಕ್ಕದಿಂದ ಹತ್ತಿರವಾಗುತ್ತಿದ್ದವು. ಸರ್ವೋತ್ತಮ ಓಡಿದ. ನಡುಗೆರೆಗೆ ಇನ್ನು ಎರಡು ಹೆಜ್ಜೆ ಇರುವಾಗ ಒಂದು ಕೈ ಅವನ ಬಲ ಕಾಲ್ಗಂಟನ್ನು ಹಿಡಿಯಿತು.

ಈಚೆ ನಿಂತವರಿಗೆ ಕೇಳಿದ್ದು “ಕಬಡ್ಡಿ ಕಬಡ್ಡಿ ಕಬ...” ಅಷ್ಟೇ. ಆಮೇಲೆ ಗೋಣಿಮೂಟೆ ಎಳೆದ ಸದ್ದು.

ಆನ್ಸೆಲ್ಮ್ ಹೋಗಿ ನೋಡಿದಾಗ ಸರ್ವೋತ್ತಮ ಬೋರಲು ಬಿದ್ದು ನಡುಗೆರೆಯ ಕಡೆ ಕೈ ಚಾಚಿದ್ದ. ಗೆರೆಗೂ ಬೆರಳಿಗೂ ಒಂದು ಗೇಣು. ಮರಳಿನಲ್ಲಿ ಅವನೊಬ್ಬನದೇ ಹೆಜ್ಜೆಗುರುತು.

“ಎಂತ ಆಯ್ತು ಸರ್ವೋತ್ತಮರೇ?”

“ಹಿಡಿದ್ರು.”

“ಯಾರು?”

“ಅವರು.”

ಆನ್ಸೆಲ್ಮ್ ಖಾಲಿ ಅಂಕಣವನ್ನು ನೋಡಿದರು, ಪುಸ್ತಕ ನೋಡಿದರು, ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡರು. ಆಮೇಲೆ ಬೆರಳೆತ್ತಿದರು. “ರೈಡರ್ ವಾಪಸು ಬರಲಿಲ್ಲ. ಔಟ್. ಸಂಕದಬೈಲಿಗೆ ಒಂದಂಕ.”

“ಅವರು ಬರ್ಲೇ ಇಲ್ವಲ್ಲ ಆನ್ಸೆಲ್ಮಣ್ಣ!” ಎಂದು ಸೇಸಪ್ಪ ಕಿರುಚಿದ.

“ಬಾರದಿದ್ದವರು ಹಿಡಿಯಬಾರದು ಅಂತ ಪುಸ್ತಕದಲ್ಲಿ ಎಲ್ಲುಂಟು, ತೋರ್ಸು.”

ಮನೆಗೆ ಬಂದು ಕಾಲುಚೀಲ ತೆಗೆದರೆ ಕಾಲ್ಗಂಟಿನ ಸುತ್ತ ನೀಲಿಗಟ್ಟಿದ ಬರೆ. ನಾಲ್ಕು ಬೆರಳು ಒಂದು ಕಡೆ, ಹೆಬ್ಬೆರಳು ಇನ್ನೊಂದು ಕಡೆ. ಮುಟ್ಟಿದರೆ ಐಸಿನಂತೆ ತಣ್ಣಗೆ.

ದೀಕ್ಷಿತಾ, “ಇಟ್ಸ್ ಜಸ್ಟ್ ಎ ಸ್ಪ್ರೇನ್ ಅಪ್ಪಾ” ಎನ್ನುತ್ತ ಬಂದವಳು ಹತ್ತಿರದಿಂದ ನೋಡಿ ಎರಡು ಹೆಜ್ಜೆ ಹಿಂದೆ ಸರಿದಳು. ಆ ವಾರವಿಡೀ ಅಮ್ಮನ ಪಕ್ಕದಲ್ಲೇ ಮಲಗಿದಳು. ಎದುರು ಮನೆಯ ಜೋಸ್ಫಿನ್, ಅಂದರೆ ಆನ್ಸೆಲ್ಮರ ಹೆಂಡತಿ, ಇಗರ್ಜಿಯಿಂದ ತೀರ್ಥ ತಂದು ಚಿಮುಕಿಸಿದಳು. ಸ್ವರ್ಣಲತಾ ಮಾತ್ರ ಗಂಡನನ್ನು ಕೆಳಗಿಂದ ಮೇಲಕ್ಕೊಮ್ಮೆ ನೋಡಿ, “ನಿಮ್ಮ ಕಾಲು ಹಿಡಿಯುವಂಥ ಗತಿ ಯಾರಿಗೆ ಬಂತು ಮಾರ್ರೆ?” ಎಂದು ಕೇಳಿದಳು.

ಕ್ಲಿನಿಕ್ಕಿನ ಡಾಕ್ಟರು ಹೈದರಾಬಾದಿನವರು. ಯಾರಾದರೂ ಹಲ್ಲೆ ಮಾಡಿದರೇ ಎಂದು ಕೇಳಿದರು. ಇಲ್ಲ, ಕಬಡ್ಡಿ ಎಂದ ಸರ್ವೋತ್ತಮ. ಈ ವಯಸ್ಸಿನಲ್ಲಿ ಕಬಡ್ಡಿಯೇ ಎಂದು ಡಾಕ್ಟರು ನಕ್ಕರು. ಸರ್ವೋತ್ತಮನಿಗೆ ರೋಷ ಬಂತು. “ನಾನು ಸಾಧಾರಣದವನಲ್ಲ ಡಾಕ್ಟ್ರೇ. ಎಂಬತ್ತೇಳರ ಫೈನಲಿನಲ್ಲಿ ಕೊನೆಯ ರೈಡಿನಲ್ಲಿ ನಾನು ಮುಟ್ಟಿ...” ಎನ್ನುತ್ತಿದ್ದಂತೆ ಕಾಲಿನ ಹಿಡಿತ ಬಿಗಿಯಿತು. ಕುರ್ಚಿಯಿಂದ ಮುಂದಕ್ಕೆ ಕುಸಿದ.

ಹೀಗೆ ಶುರುವಾಯಿತು. ಆ ಕಥೆಯ “ಮುಟ್ಟಿದೆ” ಎಂಬ ಜಾಗಕ್ಕೆ ಬಂದನೆಂದರೆ ಕಾಲನ್ನು ಯಾರೋ ಹಿಂದಕ್ಕೆ ಎಳೆಯುತ್ತಿದ್ದರು. ಕಥೆ ಹೇಳದೆ ಇದ್ದರಾಯಿತಲ್ಲ ಎಂದು ನೀವು ಕೇಳಬಹುದು. ಆದರೆ ಊರಿಗೆ ಊರೇ ಅದೇ ಕಥೆ ಕೇಳಲು ಕಾದಿತ್ತು. ಖಾಲಿ ಅಂಕಣದಲ್ಲಿ ಬೇಕೆಂದೇ ಸೋತು ಬಾರದ ವೈರಿಗೆ ಅಂಕ ಕೊಟ್ಟ ಮಹಾತ್ಮ ಎಂದು ಅವನ ಚಿತ್ರ ಎಲ್ಲರ ಫೋನಿಗೂ ಹೋಗಿತ್ತು. ಆಫೀಸಿನಲ್ಲಿ ಕೇಳಿದರು, ಹೇಳಿದ, ಫೈಲುಗಳ ಮೇಲೆ ಬಿದ್ದ. ಜೆಬೆಲ್ ಅಲಿಯ ಕಂಪನಿ ಬಸ್ಸಿನಲ್ಲಿ ಕೇಳಿದರು; ಹೇಳಿದ; ಡ್ರೈವರನ ಮೇಲೆ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು.

ಆಮೇಲೆ ಬಂದದ್ದು ಸನ್ಮಾನ. ಪುನರ್ವಿಂಗಡಣೆಯ ವಿರೋಧಿಗಳು ಅವನಿಗೆ ಶಾಲು ಹೊದಿಸಿ, ಅಧ್ಯಕ್ಷರನ್ನೂ ಬೇಕೆಂದೇ ವೇದಿಕೆಗೆ ಕರೆದು ಕೂರಿಸಿದರು. “ಎರಡು ಮಾತು” ಎಂದರು. ಸರ್ವೋತ್ತಮ ಹುಷಾರಾಗಿ ಹವಾಮಾನದ ಬಗ್ಗೆ ಮಾತಾಡಿದ. ಸಭೆಯ ಹಿಂದಿನಿಂದ ಕೂಗು ಬಂತು: “ಎಂಬತ್ತೇಳು! ಎಂಬತ್ತೇಳು!” ಚಪ್ಪಾಳೆಯ ಮುಂದೆ ಅವನ ಹುಷಾರು ಎಲ್ಲಿ ನಿಲ್ಲಬೇಕು? “ಆವತ್ತು ನಾನು ಮುಟ್ಟಿ...” ಎಂದ. ನೇರ ಶ್ರೀನಿವಾಸಮೂರ್ತಿಯವರ ಪಾದದ ಮೇಲೆ ಉದ್ದಕ್ಕೆ ಬಿದ್ದ.

ವಿರೋಧಿಗಳು ತಲೆ ಚಚ್ಚಿಕೊಂಡರು. ಶ್ರೀನಿವಾಸಮೂರ್ತಿ ಅವನನ್ನು ಹಿಡಿದೆತ್ತುತ್ತ, “ಏಳಿ ಸರ್ವೋತ್ತಮ್ ಅವರೇ, ನನ್ನ ಯೋಜನೆ ಯಾರಿಗಾದರೂ ಒಬ್ಬರಿಗೆ ಅರ್ಥ ಆಯ್ತಲ್ಲ” ಎಂದರು. ಹೊಸ ವ್ಯವಸ್ಥೆಗೆ ಹಿರಿಯ ಆಟಗಾರನ ಸಾಷ್ಟಾಂಗ ಬೆಂಬಲ ಎಂದು ಮರುದಿನ ಇನ್ನೊಂದು ಚಿತ್ರ ಫೋನುಗಳಿಗೆ ಹೋಯಿತು. ಪಾದದ ಹತ್ತಿರ ಬಿದ್ದವನ ಬಲಗಾಲಿನ ಚೀಲ ಯಾರೋ ಹಿಡಿದೆಳೆದಂತೆ ಹಿಂದಕ್ಕೆ ಜಗ್ಗಿ ಉದ್ದವಾಗಿದ್ದನ್ನು ಚಿತ್ರದಲ್ಲಿ ಕಂಡವಳು ಸ್ವರ್ಣಲತಾ ಒಬ್ಬಳೇ.

ಅವಳು ತಡ ಮಾಡಲಿಲ್ಲ. ಊರಿನ ತವರಿಗೆ ಫೋನು ಮಾಡಿ, ಜೋಯಿಸರಲ್ಲಿ ಪ್ರಶ್ನೆ ಇಡಿಸಿದಳು. ಕವಡೆ ಉರುಳುವ ಸದ್ದು ಫೋನಿನ ಸ್ಪೀಕರಿನಲ್ಲಿ ಮುರಕ್ಕಬಾತಿನ ಹಾಲಿಗೆಲ್ಲ ಕೇಳಿತು. ಆಮೇಲೆ ಮುದಿ ಧ್ವನಿ: “ದೋಷ ಕಾಲಿನದ್ದಲ್ಲ ಮಗಳೇ, ನಾಲಿಗೆಯದ್ದು. ಯಾರ ಹತ್ರ ಹೇಳಿದ್ದೋ ಅವರ ಹತ್ರವೇ ತೆಗೀಬೇಕು. ಅಲ್ಲಿವರೆಗೆ ಹಿಡಿದವರು ಬಿಡುದಿಲ್ಲ.”

“ಎಂತ ಹೇಳಿದ್ದೀರಿ ನೀವು? ಯಾರ ಹತ್ರ?” ಎಂದು ಸ್ವರ್ಣಲತಾ ಗಂಡನ ಕಡೆ ತಿರುಗಿದಳು. ಸರ್ವೋತ್ತಮ ಟಿ.ವಿ.ಯ ಧ್ವನಿ ಜೋರು ಮಾಡಿದ. ಬರೆ ಆಗಲೇ ಮೊಣಕಾಲಿನತ್ತ ಎರಡು ಬೆರಳು ಏರಿತ್ತು.

ಇಷ್ಟರಲ್ಲಿ ಸಂಕದಬೈಲಿನವರ ಪತ್ರ ಬಂತು. ಒಂದು–ಸೊನ್ನೆ ಅಂತರದಲ್ಲಿ ನಾವು ಗೆದ್ದಿರುವುದರಿಂದ ಫಲಕ ಕಳಿಸಿಕೊಡಿ ಎಂದು. ಶ್ರೀನಿವಾಸಮೂರ್ತಿ ವಿಚಾರಣೆ ಕರೆದರು. ಡಿಸೆಂಬರಿನ ಕೊನೆಯ ಶುಕ್ರವಾರ ಜುಮ್ಮಾ ನಮಾಜು ಮುಗಿದ ಮೇಲೆ ಮುಸಫ್ಫಾದ ಹೋಟೆಲೊಂದರ ಗಾಜಿನ ಬಾಗಿಲಿನ ಕೋಣೆಯಲ್ಲಿ ಐದು ಜನ ಕೂತರು. ಅಧ್ಯಕ್ಷರು, ಅಂಪೈರ್ ಆನ್ಸೆಲ್ಮ್, ಮುಹಿಯುದ್ದೀನ್, ಸರ್ವೋತ್ತಮ, ಅವನು ಬಿದ್ದರೆ ಹಿಡಿಯಲು ಸ್ವರ್ಣಲತಾ.

“ಬಾರದೇ ಇರೋ ತಂಡ ಗೆಲ್ಲೋದು ಲೀಗಿನ ಹೆಸರಿಗೆ ಒಳ್ಳೇದಲ್ಲ” ಎಂದು ಶ್ರೀನಿವಾಸಮೂರ್ತಿ ಆರಂಭಿಸಿದರು. “ಸರ್ವೋತ್ತಮ್ ಅವರೇ, ಎಡವಿ ಬಿದ್ದೆ ಅಂತ ಒಂದು ಮಾತು ಹೇಳಿಬಿಡಿ. ರೈಡು ರದ್ದು ಮಾಡಿ ಫಲಕ ನಿಮಗೇ ಖಾಯಂ ಮಾಡ್ತೀನಿ. ಮುಗಿದು ಹೋಗುತ್ತೆ.”

ಸರ್ವೋತ್ತಮ ಬಾಯಿ ತೆರೆಯುವ ಮೊದಲೇ ಮುಹಿಯುದ್ದೀನ್ ಮಾತಾಡಿದ. ಅವನು ಸೊರಗಿದ್ದ, ಗಡ್ಡದಲ್ಲಿ ಬಿಳಿ ಹೆಚ್ಚಿತ್ತು.

“ಎಡವಿದ್ದಲ್ಲ ಸಾರ್. ನಾನು ಹಿಡಿದದ್ದು.”

“ನೀವು ಅವತ್ತು ಅಬುಧಾಬಿಯಲ್ಲಿ ಇದ್ರಲ್ಲ!”

“ಇಲ್ಲೇ ಇದ್ದೆ. ಬೆಂಚಲ್ಲಿ ಕೂತಿದ್ದೆ, ಇನ್ನೂರು ಜನ ನೋಡಿದ್ದಾರೆ. ಏಳೂ ಇಪ್ಪತ್ತಕ್ಕೆ ಮೈ ತಾನಾಗಿ ಎದ್ದಿತು. ಮುಂದೆ ಹಾರಿ ಬಿದ್ದೆ, ಕೈಗೆ ಒಂದು ಕಾಲು ಸಿಕ್ಕಿತು. ದಪ್ಪ ಕಾಲು. ಕಣ್ಣಿಗೆ ಎಂತದೂ ಕಾಣ್ಲಿಲ್ಲ, ಆದ್ರೆ ನಾನು ಬಿಡ್ಲಿಲ್ಲ. ಶುಗರ್ ಇಳಿದದ್ದು ಅಂತ ಎಲ್ಲರೂ ಸೇರಿ ಜ್ಯೂಸ್ ಕುಡಿಸಿದ್ರು.” ಅವನು ಅಂಗೈ ತೆರೆದು ನೋಡಿಕೊಂಡ. “ನಾವು ಆಡಿದ್ದು ಮ್ಯಾಟಿನ ಮೇಲೆ. ನನ್ನ ಮುಷ್ಟಿ ಬಿಡಿಸಿದಾಗ ಒಳಗೆ ಮರಳಿತ್ತು.”

ಆನ್ಸೆಲ್ಮ್ ತಮ್ಮ ಅಂಕಪಟ್ಟಿ ತೆಗೆದು ನೋಡಿದರು. ರೈಡು ಮುಗಿದ ಹೊತ್ತು ಏಳು ಇಪ್ಪತ್ತು ಎಂದೇ ಬರೆದಿದ್ದರು. ಅವರು ಅದನ್ನು ಯಾರಿಗೂ ತೋರಿಸದೆ ಮಡಚಿ ಕಿಸೆಗೆ ಹಾಕಿಕೊಂಡರು.

ಮುಹಿಯುದ್ದೀನ್ ಸರ್ವೋತ್ತಮನ ಕಡೆ ಬಾಗಿದ. “ಫಲಕ ನೀನೇ ಇಟ್ಕೊ ಮಾರಾಯಾ. ನಮ್ಮವರ ಸಹಿ ನಾನು ಹಾಕಿಸಿ ಕೊಡ್ತೇನೆ. ಈ ಡಿಸೆಂಬರಲ್ಲಿ ನೀನು ಸಿಗ್ಲಿಲ್ಲ, ನನಗೆ ಕೇಳ್ಲಿಕ್ಕೆ ಆಗ್ಲಿಲ್ಲ. ಈಗ ಹೇಳು. ಆವತ್ತು ನೀನು ನನ್ನನ್ನು ಮುಟ್ಟಿದ್ದಾ?”

ಸರ್ವೋತ್ತಮನ ಬಾಯಿಗೆ ಹಳೆಯ ಉತ್ತರ ಬಂತು. ಮೇಜಿನ ಕೆಳಗೆ ಹಿಡಿತ ಎಲುಬು ಮುರಿಯುವಷ್ಟು ಬಿಗಿಯಿತು. ಕಣ್ಣಲ್ಲಿ ನೀರು ಬಂತು. ಅವನಿಗೆ ಭಯವಾಯಿತು, ನಾಚಿಕೆಯೂ ಆಯಿತು; ಎರಡರಲ್ಲಿ ಭಯವೇ ಹೆಚ್ಚು ಎಂದು ಹೇಳದಿದ್ದರೆ ನಾನೂ ಸುಳ್ಳುಗಾರನಾಗುತ್ತೇನೆ.

“ಇಲ್ಲ” ಎಂದ. “ಮುಟ್ಲಿಲ್ಲ. ಎರಡು ಮೊಳ ದೂರ ಇದ್ದೆ. ಊರಿನ ಆ ಅಂಪೈರು ಯಾಕೆ ಬೆರಳೆತ್ತಿದ್ರು ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ಸುಳ್ಳು ಹೇಳಿದೆ. ತಪ್ಪಾಯ್ತು ಮಾರಾಯಾ.”

ಕಾಲಿನ ಹಿಡಿತ ಬೆರಳು ಬೆರಳಾಗಿ ಸಡಿಲಿತು. ಕಾಲ್ಗಂಟಿಗೆ ಬಿಸಿ ರಕ್ತ ಹರಿದದ್ದು ಅವನಿಗೆ ತಿಳಿಯಿತು. ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ ಹಗುರಾಗಿ, ಈಗ ಇವನು ಬಯ್ಯಲಿ, ಬೇಕಾದರೆ ಹೊಡೆಯಲಿ ಎಂದು ತಲೆಯೆತ್ತಿ ನೋಡಿದ. ಸ್ವರ್ಣಲತಾ ಗಂಡನ ಮುಖವನ್ನೇ ನೋಡುತ್ತಿದ್ದಳು. ಮುಹಿಯುದ್ದೀನ್ ಬಯ್ಯಲಿಲ್ಲ. ಅವನ ಮುಖದಲ್ಲಿ ಬಣ್ಣವೇ ಉಳಿದಿರಲಿಲ್ಲ.

“ಹಾಗಾದ್ರೆ ಯಾರು?” ಎಂದ.

“ಎಂತದು?”

“ಅಂಪೈರು ಬೆರಳೆತ್ತಿದ್ದು ಯಾಕೆ ಗೊತ್ತುಂಟಾ? ನಾನೇ ನಡೆದು ಹೊರಗೆ ಹೋದೆ ಅಂತ. ನೀನು ದೂರ ಇದ್ದದ್ದು ನನಗೆ ಕಾಣ್ತಿತ್ತು. ಆದ್ರೆ ನನ್ನ ಎಡಭುಜಕ್ಕೆ ಒಂದು ಕೈ ಬಿತ್ತು. ಭಾರದ ಕೈ. ಮುಟ್ಟಿದ ಮೇಲೆ ಔಟಲ್ವಾ, ಹೋಗಿ ಕೂತೆ. ಕೂತ ಮೇಲೆ ಹೆದರಿಕೆ ಶುರುವಾಯ್ತು.” ಅವನು ತನ್ನ ಎಡಭುಜ ಉಜ್ಜಿಕೊಂಡ. “ನಾನು ಪ್ರತಿ ವರ್ಷ ಕೇಳುದು ನಿನ್ನನ್ನು ಹಿಡಿದು ಹಾಕ್ಲಿಕ್ಕೆ ಅಂತ ಎಣಿಸಿದ್ಯಾ? ನೀನು ‘ಮುಟ್ಟಿದ್ದೆ’ ಅಂದ್ರೆ ನನಗೆ ಒಂದು ವರ್ಷ ನಿದ್ರೆ ಬರ್ತಿತ್ತು. ಅದಕ್ಕೆ ಕೇಳ್ತಿದ್ದೆ. ಈ ವಿಂಗಡಣೆ ಆದ ಮೇಲೆ ನಾನು ಕಣ್ಣು ಮುಚ್ಚಿಲ್ಲ.”

ಶ್ರೀನಿವಾಸಮೂರ್ತಿ ತಮ್ಮ ಲ್ಯಾಪ್‌ಟಾಪನ್ನು ಮೆಲ್ಲಗೆ ಮುಚ್ಚಿದರು. ಅವರ ಯಾವ ಚಿತ್ರದಲ್ಲೂ ಇದಕ್ಕೆ ಬಣ್ಣವಿರಲಿಲ್ಲ.

ಸರ್ವೋತ್ತಮನಿಗೆ ತನ್ನ ಕಾಲು ಮರೆತೇ ಹೋಯಿತು. ಇಷ್ಟು ವರ್ಷ ತಾನು ಯಾರಿಗೆ ಹೆದರಿಕೊಂಡು ಬಂದನೋ ಅವನು ತನಗಿಂತ ಹೆಚ್ಚು ಹೆದರಿದ್ದ. ಅವನ ನಿದ್ರೆಯನ್ನು ತಾನು ಈಗಷ್ಟೇ, ತನ್ನ ಕಾಲು ಉಳಿಸಿಕೊಳ್ಳಲು, ಕಿತ್ತು ಬಿಸಾಡಿದ್ದ. ಸರ್ವೋತ್ತಮನಿಗೆ ಅಳು ಬಂತು. ಏನು ಮಾಡಬೇಕೆಂದು ತೋಚದೆ ಎದ್ದು, ಮೇಜಿನ ಮೇಲಿಂದ ಬಾಗಿ, ಬಲಗೈಯನ್ನು ಮುಹಿಯುದ್ದೀನನ ಎಡಭುಜದ ಮೇಲಿಟ್ಟ. ಸಮಾಧಾನ ಮಾಡುವವರು ಇಡುವ ಹಾಗೆ, ಅಷ್ಟೇ.

ಮುಹಿಯುದ್ದೀನನ ಮೈ ಒಮ್ಮೆ ಸೆಟೆಯಿತು. ಕಣ್ಣು ಮುಚ್ಚಿಕೊಂಡ.

“ಇದೇ” ಎಂದ.

“ಎಂತ ಇದೇ?”

“ಇದೇ ಕೈ. ಇಷ್ಟೇ ಭಾರ. ಬೆರಳಲ್ಲಿ ಹೀಗೇ ತಣ್ಣಗೆ ಒಂದು ಕಬ್ಬಿಣದ ಹಾಗಿನದ್ದು ತಾಗಿತ್ತು.”

ಎಲ್ಲರೂ ಆ ಕೈಯನ್ನು ನೋಡಿದರು. ಬೆರಳಲ್ಲಿ ಇದ್ದದ್ದು ಉಂಗುರ. ಪಡುಗುಡ್ಡೆಯನ್ನು ಗೆಲ್ಲಿಸಿದ ಹುಡುಗನಿಗೇ ಮಗಳನ್ನು ಕೊಡುವುದೆಂದು ಹಟ ಹಿಡಿದು ಸ್ವರ್ಣಲತಾಳ ತಂದೆ ತೊಡಿಸಿದ್ದು, ಆ ಫೈನಲು ಆಗಿ ಏಳು ವರ್ಷದ ನಂತರ. ಎಂಬತ್ತೇಳರಲ್ಲಿ ನೀರಿನ ಕೊಡ ಕಾಯುತ್ತಿದ್ದ ಹುಡುಗನ ಬೆರಳಲ್ಲಿ ಏನೂ ಇರಲಿಲ್ಲ.

ಮುಹಿಯುದ್ದೀನ್ ಕಣ್ಣು ತೆರೆದ. ಅವನ ಮುಖಕ್ಕೆ ಬಣ್ಣ ಮರಳಿತ್ತು. ಬಾಯ್ತುಂಬ ನಕ್ಕ.

“ನೀನೇ ಅಲ್ವಾ ಮಾರಾಯಾ! ನನಗೆ ಅಷ್ಟು ಗೊತ್ತಾದ್ರೆ ಸಾಕಿತ್ತು. ಔಟ್.”

ಎದ್ದು ಕುರ್ಚಿ ಹಿಂದಕ್ಕೆ ಸರಿಸಿ, ಔಟಾದ ಆಟಗಾರ ನಡೆಯುವ ಹಾಗೆ ತಲೆ ತಗ್ಗಿಸಿ ಹೊರಗೆ ಹೋದ. ಗಾಜಿನ ಬಾಗಿಲಿನಾಚೆ ಗೋಡೆಗೊರಗಿ ಕೂತವನು ಎರಡು ನಿಮಿಷದಲ್ಲಿ ಬಾಯಿ ತೆರೆದು ಗೊರಕೆ ಹೊಡೆಯತೊಡಗಿದ್ದು ಒಳಗಿನವರಿಗೆ ಕಾಣುತ್ತಿತ್ತು. ಆನ್ಸೆಲ್ಮ್ ಪುಸ್ತಕ ತೆರೆದು, ಯಾವ ವರ್ಷದ ಪುಟದಲ್ಲಿ ಬರೆಯುವುದೆಂದು ತಿಳಿಯದೆ ಪೆನ್ನು ಹಿಡಿದು ಕೂತರು.

ಸರ್ವೋತ್ತಮನೊಬ್ಬ ಮಾತ್ರ ಯಾರ ಕಡೆಗೂ ನೋಡಲಿಲ್ಲ. ತನ್ನ ಬಲಗೈಯನ್ನು ಮೇಜಿನ ಮೇಲಿಟ್ಟು, ಅದು ಮತ್ತೆಲ್ಲಿಗೂ ಹೋಗದಂತೆ, ಎಡಗೈಯಿಂದ ಗಟ್ಟಿಯಾಗಿ ಹಿಡಿದುಕೊಂಡಿದ್ದ.